ವಿಶ್ವವಿದ್ಯಾಲಯದ ಒಂದು ವಿಭಾಗ ಕಲಿಸುವ ಪಾಠ: ಗಣಕಜಾಲದ ಸುರಕ್ಷತೆ ಮತ್ತು ಆಧುನೀಕರಣ

ನಮ್ಮ ಭಾಗದ ದಲಾಲಿ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಕಿರ್ದಿ ಮತ್ತು ಖಾತೆವಹಿಗಳು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ತಿಜೋರಿ ಸೇರುತ್ತಿದ್ದವು. ಬೀಗದ ಕೈ ಯಜಮಾನರ ಸೊಂಟದಲ್ಲಿರುತ್ತಿತ್ತು. ಇಂದು ಅದೇ ಕಿರ್ದಿ ಗಣಕಯಂತ್ರದೊಳಗಿದೆ. ಆ ಗಣಕಯಂತ್ರ ಅಂತರ್ಜಾಲಕ್ಕೆ ಜೋಡಣೆಗೊಂಡಿದೆ. ಜಿ.ಎಸ್.ಟಿ. ವಿವರ, ಇ-ವೇ ಬಿಲ್ಲು, ಬ್ಯಾಂಕಿನ ವ್ಯವಹಾರ, ಸಿ.ಸಿ. ಕ್ಯಾಮೆರಾ, ಗ್ರಾಹಕರೊಡನೆ ಪತ್ರವ್ಯವಹಾರ ಎಲ್ಲವೂ ಒಂದೇ ತಂತಿಯ ಮೇಲೆ ನಡೆಯುತ್ತಿವೆ. ಆದರೆ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಬಹಳಷ್ಟು ಮಳಿಗೆಗಳಲ್ಲಿ ಖಚಿತ ಉತ್ತರ ದೊರೆಯುವುದಿಲ್ಲ.

ಈ ವಿಷಯವನ್ನು ಅರಿಯಲು ದೊಡ್ಡ ಬ್ಯಾಂಕುಗಳ ಅಥವಾ ಬೆಂಗಳೂರಿನ ತಂತ್ರಾಂಶ ಕಂಪನಿಗಳ ಉದಾಹರಣೆ ನಮಗೆ ಹೆಚ್ಚು ಉಪಯೋಗಕ್ಕೆ ಬಾರದು. ಅವುಗಳ ಬಂಡವಾಳವೇ ಬೇರೆ, ಸಿಬ್ಬಂದಿಯೇ ಬೇರೆ. ನಮಗೆ ಹತ್ತಿರದ ಮಾದರಿ ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಒಂದು ವಿಭಾಗ. ಅಲ್ಲಿ ಐವತ್ತು-ಅರವತ್ತು ಗಣಕಯಂತ್ರಗಳಿರುತ್ತವೆ, ಕೆಲವು ಹೊಸವು, ಹಲವು ಹಳೆಯವು. ಹಣ ಮಿತವಾಗಿರುತ್ತದೆ. ಬಳಸುವವರು ಪ್ರತಿ ವರ್ಷ ಬದಲಾಗುತ್ತಾರೆ. ಜಾಲವನ್ನು ನೋಡಿಕೊಳ್ಳುವ ವ್ಯಕ್ತಿಗೆ ಬೇರೆ ನಾಲ್ಕು ಕೆಲಸಗಳಿರುತ್ತವೆ. ನಮ್ಮ ಮಳಿಗೆ, ಕಾರ್ಖಾನೆ, ವಸತಿಗೃಹಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಆದ್ದರಿಂದ ಅಂಥ ವಿಭಾಗವೊಂದು ತನ್ನ ಜಾಲವನ್ನು ಹೇಗೆ ಭದ್ರಪಡಿಸಿಕೊಳ್ಳಬೇಕು, ಅದರಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ನಮ್ಮ ಸದಸ್ಯರು ಏನನ್ನು ಕಲಿಯಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಂಬಿಕೆಯ ಮೇಲೆ ಬೆಳೆದ ಜಾಲ

ಭಾರತದಲ್ಲಿ ಗಣಕಜಾಲ ಬೆಳೆದದ್ದು ವಿದ್ಯಾಸಂಸ್ಥೆಗಳ ಅಂಗಳದಲ್ಲಿಯೇ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮೊದಲ ಪಾಲುದಾರ ಸಂಸ್ಥೆಗಳಲ್ಲಿ ಒಂದಾಗಿತ್ತು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅಂದರೆ ಪ್ರಾಧ್ಯಾಪಕರು ನಮಗಿಂತ ಸುಮಾರು ಒಂದು ದಶಕ ಮೊದಲೇ ಈ ದಾರಿಯಲ್ಲಿ ನಡೆದಿದ್ದರು. ಮುಂದೆ 2010ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ನೀಡಿದ ಮೇಲೆ ವಿಶ್ವವಿದ್ಯಾಲಯಗಳಿಗೆ ವೇಗದ ಸಂಪರ್ಕ ಲಭಿಸಿತು. ನಮ್ಮ ಜಿಲ್ಲೆಯಲ್ಲಿಯೇ 1963ರಲ್ಲಿ ಸ್ಥಾಪನೆಯಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಮತ್ತು 2008ರಲ್ಲಿ ಅಸ್ತಿತ್ವಕ್ಕೆ ಬಂದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇವೆ ಎಂಬುದು ಹೆಮ್ಮೆಯ ಸಂಗತಿ.

ಆದರೆ ವಿದ್ಯಾಸಂಸ್ಥೆಗಳ ಜಾಲಗಳು ಪರಸ್ಪರ ನಂಬಿಕೆಯ ಮೇಲೆ ಕಟ್ಟಲ್ಪಟ್ಟವು. ಒಳಗಿರುವವರೆಲ್ಲ ನಮ್ಮವರೇ ಎಂಬ ಭಾವನೆ ಅಲ್ಲಿತ್ತು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ಪುಟ್ಟ ಕ್ರಮವಿಧಿ ಸಾವಿರಾರು ಗಣಕಯಂತ್ರಗಳನ್ನು ಸ್ಥಗಿತಗೊಳಿಸಿದಾಗ ಆ ಭಾವನೆಗೆ ಮೊದಲ ಪೆಟ್ಟು ಬಿತ್ತು. ನಮ್ಮ ವ್ಯಾಪಾರವೂ ನಂಬಿಕೆಯ ಮೇಲೆಯೇ ನಡೆಯುತ್ತದೆ. ನಂಬಿಕೆ ದೋಷವಲ್ಲ. ಆದರೆ ನಂಬಿಕೆಯಿರುವ ಮನೆಯಲ್ಲಿಯೂ ತಿಜೋರಿಗೆ ಬೀಗ ಇದ್ದೇ ಇರುತ್ತದೆ.

ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಪ್ರಸಂಗ

ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ನಡೆದ ಘಟನೆ ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದುದು. ಏಕೆಂದರೆ ಆ ಸಂಸ್ಥೆಯು ತನ್ನ ತಪ್ಪುಗಳನ್ನು ಮುಚ್ಚಿಡದೆ ತನಿಖಾ ವರದಿಯನ್ನು ಸಾರ್ವಜನಿಕರ ಮುಂದಿಟ್ಟಿತು.

ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಸಿಬ್ಬಂದಿಗೆ ಬಂದ ಮೋಸದ ಮಿಂಚಂಚೆಗಳನ್ನು ಎರಡು ಗಣಕಯಂತ್ರಗಳಲ್ಲಿ ತೆರೆಯಲಾಯಿತು. ಅಷ್ಟರಿಂದಲೇ ದಾಳಿಕೋರರು ಒಳಗೆ ಕಾಲಿಟ್ಟರು. ಬಳಿಕ ಸದ್ದಿಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿದರು. ಭದ್ರತಾ ಪರಿಷ್ಕರಣೆಯನ್ನು ಅಳವಡಿಸದೆ ಉಳಿದಿದ್ದ ಸರ್ವರ್ ಅವರಿಗೆ ಮೆಟ್ಟಿಲಾಯಿತು. ನವೆಂಬರ್ 21ರ ಹೊತ್ತಿಗೆ ಇಡೀ ಜಾಲದ ಯಜಮಾನಿಕೆಯ ಅಧಿಕಾರ ಅವರ ಕೈಸೇರಿತ್ತು. ಕ್ರಿಸ್‌ಮಸ್ ರಜೆಯ ಅಂಚಿನಲ್ಲಿ, ಡಿಸೆಂಬರ್ 23ರಂದು, 267 ಸರ್ವರ್‌ಗಳಲ್ಲಿದ್ದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿ, ಬೀಗದ ಕೈಗೆ ಹಣ ಕೇಳಿದರು. ಹಲವು ಮುಖ್ಯ ವ್ಯವಸ್ಥೆಗಳ ಬ್ಯಾಕಪ್ ಪ್ರತಿಗಳು ಅದೇ ಜಾಲಕ್ಕೆ ಜೋಡಣೆಯಾಗಿದ್ದುದರಿಂದ ಅವೂ ಬೀಗದೊಳಗೆ ಸಿಲುಕಿದವು. ಕೊನೆಗೆ ವಿಶ್ವವಿದ್ಯಾಲಯವು 30 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 2 ಲಕ್ಷ ಯೂರೋ ತೆತ್ತು ತನ್ನ ಕಡತಗಳನ್ನು ಬಿಡಿಸಿಕೊಂಡಿತು.

ಈ ಪ್ರಸಂಗದಲ್ಲಿ ನಾಲ್ಕು ಬಾಗಿಲುಗಳು ತೆರೆದಿದ್ದವು. ಒಂದು, ಮೋಸದ ಪತ್ರವನ್ನು ನಂಬಿದ ಮನುಷ್ಯ. ಎರಡು, ಪರಿಷ್ಕರಣೆ ಕಾಣದ ಯಂತ್ರ. ಮೂರು, ಒಳಗೆ ಎಲ್ಲಿಂದ ಎಲ್ಲಿಗಾದರೂ ಹೋಗಬಹುದಾದ ಅಡೆತಡೆಯಿಲ್ಲದ ಜಾಲ. ನಾಲ್ಕು, ಜಾಲಕ್ಕೇ ಅಂಟಿಕೊಂಡಿದ್ದ ಬ್ಯಾಕಪ್. ಇವುಗಳಲ್ಲಿ ಯಾವುದಾದರೂ ಒಂದು ಬಾಗಿಲು ಭದ್ರವಾಗಿದ್ದರೂ ಹಾನಿ ಬಹುಮಟ್ಟಿಗೆ ತಗ್ಗುತ್ತಿತ್ತು. ಮೊದಲ ಪತ್ರ ತೆರೆದ ದಿನಕ್ಕೂ ಬೀಗ ಬಿದ್ದ ದಿನಕ್ಕೂ ನಡುವೆ ಎರಡು ತಿಂಗಳಿಗೂ ಮಿಕ್ಕಿದ ಅವಕಾಶವಿತ್ತು ಎಂಬುದನ್ನೂ ಗಮನಿಸಬೇಕು.

ಮೊದಲ ಹೆಜ್ಜೆ: ಇದ್ದುದರ ಯಾದಿ

ವಿಭಾಗದ ಜಾಲವನ್ನು ಸರಿಪಡಿಸಲು ಹೊರಟ ಅನುಭವಿಗಳು ಮೊದಲು ಹೊಸ ಯಂತ್ರ ಕೊಳ್ಳುವುದಿಲ್ಲ. ಒಂದು ಯಾದಿ ಸಿದ್ಧಪಡಿಸುತ್ತಾರೆ. ಎಷ್ಟು ಗಣಕಯಂತ್ರಗಳಿವೆ, ಯಾವುದರಲ್ಲಿ ಯಾವ ಕಾರ್ಯವ್ಯವಸ್ಥೆಯಿದೆ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ವೈ-ಫೈ ಪೆಟ್ಟಿಗೆಗಳೆಷ್ಟು, ಯಾರ ಬಳಿ ಯಾವ ಗುಪ್ತಪದವಿದೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಮಾಲಿನ ದಾಸ್ತಾನು ಲೆಕ್ಕವಿಲ್ಲದೆ ವ್ಯಾಪಾರ ನಡೆಯದು. ಜಾಲಕ್ಕೂ ಇದೇ ನಿಯಮ.

ಯಾದಿ ಮಾಡುವಾಗ ಮರೆತುಹೋದ ವಸ್ತುಗಳು ಬೆಳಕಿಗೆ ಬರುತ್ತವೆ. ಮೇಜಿನ ಕೆಳಗೆ ಧೂಳು ಹಿಡಿದ ಹಳೆಯ ಸ್ವಿಚ್, ಹಿಂದಿನ ಗುಮಾಸ್ತರು ತಮ್ಮ ಅನುಕೂಲಕ್ಕೆಂದು ಜೋಡಿಸಿದ್ದ ವೈ-ಫೈ ಪೆಟ್ಟಿಗೆ, ಕೊಂಡ ದಿನದ ಗುಪ್ತಪದವನ್ನೇ ಇಟ್ಟುಕೊಂಡಿರುವ ಕ್ಯಾಮೆರಾ ಇಂಥವು. ಕ್ಯಾಮೆರಾದಿಂದೇನು ಅಪಾಯ ಎನ್ನುವವರಿಗೆ 2016ರ ಮಿರಾಯ್ ದಾಳಿಯ ನೆನಪು ಸಾಕು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸದ ಕ್ಯಾಮೆರಾ ಮತ್ತು ಮುದ್ರಣ ಪೆಟ್ಟಿಗೆಗಳನ್ನೇ ಲಕ್ಷಗಟ್ಟಲೆ ವಶಪಡಿಸಿಕೊಂಡು ದೊಡ್ಡ ಜಾಲತಾಣಗಳನ್ನು ಉರುಳಿಸಲಾಯಿತು. ಇಳಕಲ್ ಮತ್ತು ಹುನಗುಂದ ಭಾಗದ ಗ್ರಾನೈಟ್ ಕತ್ತರಿಸುವ, ಹೊಳಪು ಕೊಡುವ ಘಟಕಗಳಲ್ಲಿ ಕ್ಯಾಮೆರಾಗಳು ಸಾಮಾನ್ಯವಾಗಿರುವುದರಿಂದ ಇತ್ತ ಗಮನ ಅಗತ್ಯ.

ಯಾದಿಯಲ್ಲಿ ಇನ್ನೊಂದು ಅಂಶ ತಪ್ಪದೆ ಬರಬೇಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಬೆಂಬಲ ಮುಗಿದ ಯಂತ್ರ ಕೆಲಸವನ್ನೇನೋ ಮಾಡುತ್ತದೆ, ಆದರೆ ಅದರಲ್ಲಿ ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. 2017ರ ಮೇ 12ರಂದು ಆರಂಭವಾಗಿ ಸುಮಾರು 150 ದೇಶಗಳನ್ನು ಕಾಡಿದ ವನ್ನಾಕ್ರೈ ಪಿಡುಗಿಗೆ ಬೇಕಾದ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಹೊರತಂದಿತ್ತು. ಎರಡು ತಿಂಗಳು ಸಮಯವಿದ್ದರೂ ಅಳವಡಿಸದವರು ಕಷ್ಟಕ್ಕೊಳಗಾದರು. ಕಳ್ಳಪ್ರತಿಯ ತಂತ್ರಾಂಶ ಬಳಸುವವರು ಪರಿಷ್ಕರಣೆಗಳನ್ನು ನಿಲ್ಲಿಸಿಟ್ಟಿರುತ್ತಾರೆ. ಅಲ್ಲಿ ಉಳಿಸಿದ ಹಣ ಮುಂದೆ ಬಡ್ಡಿಸಹಿತ ಹೋಗುವುದುಂಟು.

ಎರಡನೆಯ ಹೆಜ್ಜೆ: ಜಾಲವನ್ನು ಸೆಕ್ಟರುಗಳಾಗಿ ವಿಂಗಡಿಸುವುದು

ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗ ಮುಳುಗಡೆಯಾದಾಗ ನವನಗರವನ್ನು ಸೆಕ್ಟರುಗಳಾಗಿ ವಿಂಗಡಿಸಿ ಕಟ್ಟಿದ್ದನ್ನು ನಾವೆಲ್ಲ ಬಲ್ಲೆವು. ಹಳೆಯ ಪೇಟೆಯಲ್ಲಿ ಓಣಿಗೆ ಓಣಿ ಕೂಡಿಕೊಂಡು, ಯಾವ ಸಂದಿಯಿಂದಲಾದರೂ ಇನ್ನೊಂದು ಸಂದಿಗೆ ಹೋಗಬಹುದಿತ್ತು. ಹೊಸ ಊರಿನಲ್ಲಿ ಪ್ರತಿ ಸೆಕ್ಟರಿಗೂ ಗಡಿಯಿದೆ, ನಡುವೆ ಗೊತ್ತಾದ ರಸ್ತೆಗಳಿವೆ. ಸುರಕ್ಷಿತ ಗಣಕಜಾಲದ ತತ್ವವೂ ಇದೇ.

ಸಾಮಾನ್ಯ ಸ್ವಿಚ್ ಒಂದಕ್ಕೆ ಜೋಡಿಸಿದ ಯಂತ್ರಗಳೆಲ್ಲ ಒಂದನ್ನೊಂದು ನೇರವಾಗಿ ಮಾತನಾಡಿಸಬಲ್ಲವು. ನಿಯಂತ್ರಿಸಬಲ್ಲ ಸ್ವಿಚ್ ಬಳಸಿದರೆ ಅದೇ ಪೆಟ್ಟಿಗೆಯೊಳಗೆ ಹಲವು ಪ್ರತ್ಯೇಕ ಜಾಲಗಳನ್ನು ರೂಪಿಸಬಹುದು. ಇವುಗಳಿಗೆ ವಿ-ಲ್ಯಾನ್ ಎನ್ನುತ್ತಾರೆ. ವಿಭಾಗದಲ್ಲಿ ವಿದ್ಯಾರ್ಥಿಗಳ ಪ್ರಯೋಗಾಲಯ, ಅಧ್ಯಾಪಕರ ಯಂತ್ರಗಳು, ಪರೀಕ್ಷೆ ಮತ್ತು ಲೆಕ್ಕಪತ್ರದ ಯಂತ್ರಗಳು, ಅತಿಥಿಗಳ ವೈ-ಫೈ, ಕ್ಯಾಮೆರಾಗಳು ಹೀಗೆ ಐದು ಸೆಕ್ಟರುಗಳಾಗುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಫೈರ್‌ವಾಲ್ ಎಂಬ ನಾಕೆಯನ್ನು ದಾಟಬೇಕು. ಪ್ರಯೋಗಾಲಯದ ಒಂದು ಯಂತ್ರಕ್ಕೆ ಸೋಂಕು ತಗುಲಿದರೂ ಅಂಕಪಟ್ಟಿಯ ಕಡೆಗೆ ಅದು ಸುಲಭವಾಗಿ ಹಾಯಲಾರದು.

ಬಾದಾಮಿಯ ವಸತಿಗೃಹಗಳಿಗೆ ಈ ಹೆಜ್ಜೆ ಅತಿ ಮುಖ್ಯ. ಗುಹಾಲಯಗಳನ್ನು ನೋಡಲು ಬರುವ ಪ್ರವಾಸಿಗರು ವೈ-ಫೈ ಕೇಳುತ್ತಾರೆ, ಕೊಡಲೇಬೇಕು. ಆದರೆ ಅತಿಥಿಯ ಮೊಬೈಲು ಮತ್ತು ಕೌಂಟರಿನ ಗಣಕಯಂತ್ರ ಒಂದೇ ಜಾಲದಲ್ಲಿರಬಾರದು. ಅತಿಥಿಗಳ ಗುರುತಿನ ಚೀಟಿಗಳ ಪ್ರತಿ, ವಿದೇಶೀಯರ ವಿವರ ಆ ಯಂತ್ರದಲ್ಲಿರುತ್ತದೆ. ಸಾಮಾನ್ಯ ಬೆಲೆಯ ಹಲವು ರೂಟರುಗಳಲ್ಲಿಯೇ ಅತಿಥಿ ಜಾಲದ ಸೌಲಭ್ಯವಿದ್ದು, ಅದನ್ನು ಚಾಲನೆಗೊಳಿಸಲು ಹತ್ತು ನಿಮಿಷ ಸಾಕು.

ವಿಂಗಡಣೆಯ ಬೆಲೆ ನಮ್ಮ ದೇಶಕ್ಕೆ ಮನವರಿಕೆಯಾದದ್ದು 2024ರ ಜುಲೈ 31ರಂದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ದಾಳಿ ನಡೆದ ಸುದ್ದಿ ತಿಳಿಯುತ್ತಲೇ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯು.ಪಿ.ಐ. ಮತ್ತು ಎ.ಟಿ.ಎಂ. ಸೇವೆ ನಿಂತಿತು. ಆದರೆ ಉಳಿದ ದೇಶದ ಪಾವತಿ ವ್ಯವಸ್ಥೆ ಅಬಾಧಿತವಾಗಿ ಉಳಿಯಿತು. ಕಡಿದು ಬೇರ್ಪಡಿಸುವ ಅವಕಾಶ ಮೊದಲೇ ಇದ್ದುದರಿಂದ ಇದು ಸಾಧ್ಯವಾಯಿತು.

ಮೂರನೆಯ ಹೆಜ್ಜೆ: ಒಬ್ಬರಿಗೆ ಒಂದು ಖಾತೆ

ಇಡೀ ಅಂಗಡಿಗೆ ಒಂದೇ ಗುಪ್ತಪದ, ಅದೂ ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಈ ದೃಶ್ಯ ನಮಗೆ ಅಪರಿಚಿತವಲ್ಲ. ವಿಶ್ವವಿದ್ಯಾಲಯಗಳು ಈ ಪದ್ಧತಿಯನ್ನು ಬಿಟ್ಟಿವೆ. ಎಡುರೋಮ್ ಎಂಬ ಅಂತಾರಾಷ್ಟ್ರೀಯ ವೈ-ಫೈ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿ ಮತ್ತು ಅಧ್ಯಾಪಕ ತನ್ನ ಸ್ವಂತ ಖಾತೆಯಿಂದಲೇ ಪ್ರವೇಶಿಸುತ್ತಾನೆ. ಭಾರತದಲ್ಲಿ ಇದನ್ನು ಅರ್ನೆಟ್ ನಡೆಸುತ್ತದೆ. ವಿದ್ಯಾರ್ಥಿ ಕಾಲೇಜು ಬಿಟ್ಟ ದಿನ ಅವನ ಖಾತೆಯೊಂದನ್ನು ಮುಚ್ಚಿದರೆ ಸಾಕು, ಉಳಿದವರ ಗುಪ್ತಪದ ಬದಲಿಸಬೇಕಾಗಿಲ್ಲ.

ನಮ್ಮಲ್ಲಿಯೂ ಪ್ರತಿ ಗುಮಾಸ್ತರಿಗೆ ಪ್ರತ್ಯೇಕ ಖಾತೆಯಿರಲಿ. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚಬೇಕು. ದಿನನಿತ್ಯದ ಕೆಲಸಕ್ಕೆ ಆಡಳಿತಾಧಿಕಾರವಿರುವ ಖಾತೆ ಬಳಸಬಾರದು. ಗುಪ್ತಪದ ಉದ್ದವಾಗಿರಬೇಕು. ಪರಸ್ಪರ ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಅದರ ಮೇಲೆ ಮೊಬೈಲಿಗೆ ಬರುವ ಎರಡನೆಯ ಸಂಕೇತದ ಪರಿಶೀಲನೆಯೂ ಇರಲಿ. ಇ-ವೇ ಬಿಲ್ಲು ಮತ್ತು ಇ-ಇನ್‌ವಾಯ್ಸ್ ಜಾಲತಾಣಗಳಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಇದು ಕಡ್ಡಾಯವಾಗಿದೆ. ಮಿಂಚಂಚೆಗೂ ಇದೇ ಕ್ರಮವನ್ನು ನಾವಾಗಿಯೇ ಅಳವಡಿಸಿಕೊಳ್ಳುವುದು ಲೇಸು.

ಲೆಕ್ಕದ ತಂತ್ರಾಂಶ ಸರಿಪಡಿಸುವವರು ದೂರದಿಂದಲೇ ನಮ್ಮ ಯಂತ್ರದೊಳಗೆ ಪ್ರವೇಶಿಸುವ ರೂಢಿ ಈಗ ಎಲ್ಲೆಡೆ ಇದೆ. ಅನುಕೂಲಕರವಾದರೂ ಆ ಬಾಗಿಲನ್ನು ಕೆಲಸದ ಹೊತ್ತಿಗೆ ಮಾತ್ರ ತೆರೆಯಬೇಕು. ಕೆಲಸ ಮುಗಿದೊಡನೆ ಮುಚ್ಚಬೇಕು.

ನಾಲ್ಕನೆಯ ಹೆಜ್ಜೆ: ಬೇರೆಡೆ ಇಟ್ಟ ಪ್ರತಿ

ಮಾಸ್ಟ್ರಿಕ್ಟ್‌ನಲ್ಲಿ ಹಣ ತೆರಬೇಕಾದುದಕ್ಕೆ ಮುಖ್ಯ ಕಾರಣ ಬ್ಯಾಕಪ್ ಜಾಲಕ್ಕೆ ಅಂಟಿಕೊಂಡಿದ್ದುದು. ಎಲ್ಲೆಡೆ ಒಪ್ಪಿತವಾದ ಸೂತ್ರ ಸರಳವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಕನಿಷ್ಠ ಒಂದು ಪ್ರತಿಯ ತಂತಿ ಕಿತ್ತಿರಬೇಕು. ಇಳಕಲ್ಲಿನ ಸೀರೆ ವ್ಯಾಪಾರಿಗಳು ಎರಡು ಹಾರ್ಡ್ ಡಿಸ್ಕ್ ಕೊಂಡು, ವಾರ ಬಿಟ್ಟು ವಾರ ಒಂದೊಂದರಲ್ಲಿ ಲೆಕ್ಕದ ಪ್ರತಿ ತೆಗೆದು, ಒಂದನ್ನು ಮನೆಯಲ್ಲಿಟ್ಟರೆ ನೇಕಾರರ ಬಾಕಿ, ಊರೂರಿನ ಗಿರಾಕಿಗಳ ಉದ್ರಿ ಎಲ್ಲವೂ ಸುರಕ್ಷಿತ. ಬೆಂಕಿ, ಕಳವು, ಸಿಡಿಲು ಯಾವುದೇ ಬಂದರೂ ವ್ಯಾಪಾರ ನಿಲ್ಲದು.

ಪ್ರತಿ ತೆಗೆದರೆ ಸಾಲದು, ಅದು ಮತ್ತೆ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ತೆರೆಯದ ಬ್ಯಾಕಪ್ ಖಾಲಿ ತಿಜೋರಿಯಿದ್ದಂತೆ. ದೀಪಾವಳಿಯ ಖಾತೆಪೂಜೆಯ ಮುನ್ನಾದಿನ ಮತ್ತು ಆರ್ಥಿಕ ವರ್ಷದ ಕೊನೆಯಲ್ಲಿ ಹೀಗೆ ಎರಡು ಬಾರಿಯಾದರೂ ಬೇರೆ ಯಂತ್ರದಲ್ಲಿ ತೆರೆದು ನೋಡುವ ಪದ್ಧತಿ ಇಟ್ಟುಕೊಳ್ಳುವುದು ಸೂಕ್ತ.

ಆಧುನೀಕರಣ ಎಂದರೇನು?

ಸುರಕ್ಷತೆ ಮತ್ತು ಆಧುನೀಕರಣ ಎರಡಲ್ಲ. ಹಳೆಯ ತಂತಿ, ಹಳೆಯ ಪೆಟ್ಟಿಗೆಗಳ ಮೇಲೆ ಹೊಸ ಕಾವಲು ನಿಲ್ಲದು. ಆದರೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕಿಲ್ಲ. ಖರ್ಚು ಮಾಡುವ ಕ್ರಮ ತಿಳಿದಿದ್ದರೆ ಸಾಕು.

ತಾಮ್ರದ ಜಾಲ ತಂತಿಯ ಒಂದು ಎಳೆ 100 ಮೀಟರ್ ಮೀರಬಾರದು. ದೊಡ್ಡ ಅಂಗಳದ ಗ್ರಾನೈಟ್ ಘಟಕದಲ್ಲಿ ಕಚೇರಿಯಿಂದ ಯಂತ್ರಶಾಲೆಗೆ ಇದಕ್ಕಿಂತ ಹೆಚ್ಚು ದೂರವಿದ್ದರೆ ನಡುನಡುವೆ ಅಗ್ಗದ ಸ್ವಿಚ್‌ಗಳನ್ನು ಪೋಣಿಸುವ ಬದಲು ಆಪ್ಟಿಕಲ್ ಫೈಬರ್ ಎಳೆಯುವುದೇ ಲಾಭಕರ. ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಮುಂಗಾರು ಪೂರ್ವದ ಸಿಡಿಲಿಗೆ ಒಂದು ಕಟ್ಟಡದ ಉಪಕರಣ ಕೆಟ್ಟರೂ ಆ ತಂತಿಯ ಮೂಲಕ ಇನ್ನೊಂದಕ್ಕೆ ಹಾನಿ ಹರಡದು. ಸರಿಯಾದ ಭೂಸಂಪರ್ಕ, ಸ್ವಿಚ್ ಮತ್ತು ರೂಟರಿಗೆ ಪ್ರತ್ಯೇಕ ಯು.ಪಿ.ಎಸ್. ಇವೂ ಜಾಲದ ಅಂಗಗಳೇ. ವೈ-ಫೈ ಪೆಟ್ಟಿಗೆ ಡಬ್ಲ್ಯು.ಇ.ಪಿ. ಎಂಬ ಹಳೆಯ ಕ್ರಮದಲ್ಲಿದ್ದರೆ ಅದನ್ನು ನಿಮಿಷಗಳಲ್ಲಿ ಭೇದಿಸಬಹುದು. ಡಬ್ಲ್ಯು.ಪಿ.ಎ.-2 ಅಥವಾ 3 ಇರಲೇಬೇಕು.

ಖರ್ಚಿಲ್ಲದ ಕೆಲಸಗಳು ಮೊದಲು ಆಗಲಿ:

1. ಯಾದಿ ಸಿದ್ಧಪಡಿಸುವುದು.
2. ರೂಟರ್ ಮತ್ತು ಕ್ಯಾಮೆರಾಗಳ ಮೂಲ ಗುಪ್ತಪದ ಬದಲಿಸುವುದು.
3. ಸ್ವಯಂಚಾಲಿತ ಪರಿಷ್ಕರಣೆಯನ್ನು ಚಾಲನೆಯಲ್ಲಿಡುವುದು.
4. ಅತಿಥಿ ವೈ-ಫೈ ಬೇರ್ಪಡಿಸುವುದು.
5. ಎರಡನೆಯ ಸಂಕೇತದ ಪರಿಶೀಲನೆ ಅಳವಡಿಸುವುದು.

ಬಳಿಕ ಅಲ್ಪ ವೆಚ್ಚದ ಬ್ಯಾಕಪ್ ಡಿಸ್ಕ್‌ಗಳು. ಆಮೇಲೆ ಬೆಂಬಲ ಮುಗಿದ ಯಂತ್ರಗಳ ಬದಲಾವಣೆ. ಕೊನೆಯಲ್ಲಿ ನಿಯಂತ್ರಿಸಬಲ್ಲ ಸ್ವಿಚ್, ಫೈರ್‌ವಾಲ್ ಮತ್ತು ಫೈಬರ್.

ಪತ್ರ ಬಂದಾಗ ದೂರವಾಣಿ ಮಾಡಿ

ಎಷ್ಟೇ ಯಂತ್ರ ಕೊಂಡರೂ ಮನುಷ್ಯನೇ ಮೊದಲ ಬಾಗಿಲು. ಗ್ರಾನೈಟ್ ರಫ್ತುದಾರರೊಬ್ಬರ ಹಳೆಯ ಗಿರಾಕಿಗೆ ಅವರ ಹೆಸರಿನಲ್ಲಿಯೇ ಒಂದು ಮಿಂಚಂಚೆ ಹೋಗುತ್ತದೆ ಎಂದುಕೊಳ್ಳೋಣ. ‘ನಮ್ಮ ಬ್ಯಾಂಕು ಬದಲಾಗಿದೆ, ಈ ಬಾರಿಯ ಹಣವನ್ನು ಹೊಸ ಖಾತೆಗೆ ಕಳುಹಿಸಿರಿ’ ಎಂಬ ಒಕ್ಕಣೆ. ವಿಳಾಸದಲ್ಲಿ ಒಂದೇ ಅಕ್ಷರ ವ್ಯತ್ಯಾಸ. ಗಿರಾಕಿ ಹಣ ಕಳುಹಿಸುತ್ತಾನೆ, ಮಾಲೂ ಹೋಗುತ್ತದೆ, ಹಣ ಮಾತ್ರ ಬರುವುದಿಲ್ಲ. ಜಗತ್ತಿನಾದ್ಯಂತ ವರ್ತಕರನ್ನು ಕಾಡುತ್ತಿರುವ ಮೋಸವಿದು. ಪರಿಹಾರಕ್ಕೆ ತಂತ್ರಾಂಶ ಬೇಡ. ಖಾತೆ ಬದಲಾವಣೆಯ ಯಾವುದೇ ಪತ್ರ ಬಂದರೂ ಮೊದಲೇ ಗೊತ್ತಿರುವ ಸಂಖ್ಯೆಗೆ ದೂರವಾಣಿ ಮಾಡಿ, ಧ್ವನಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಹಣ ಸಂದಾಯವಾಗಬೇಕು ಎಂದು ಗಿರಾಕಿಗಳಿಗೂ ಮುಂಚಿತವಾಗಿ ಬರೆದು ತಿಳಿಸಿರಬೇಕು. ಪತ್ರದಲ್ಲಿಯೇ ಕೊಟ್ಟ ಸಂಖ್ಯೆಗೆ ಮಾತ್ರ ಕರೆ ಮಾಡಬಾರದು.

ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾಯುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಸಂಕೋಚದಿಂದ ಸುಮ್ಮನಿರುವವರು ಉಳಿದ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಯಂತ್ರಕ್ಕೆ ಸೋಂಕು ತಗುಲಿದೆಯೆಂಬ ಸಂಶಯ ಬಂದರೆ ಮೊದಲು ಜಾಲದ ತಂತಿ ಕೀಳಬೇಕು, ವೈ-ಫೈ ನಿಲ್ಲಿಸಬೇಕು. ಪರಿಣತರು ಬರುವವರೆಗೆ ಏನನ್ನೂ ಅಳಿಸಬಾರದು.

ಕಾನೂನಿನ ಹೊಣೆ

ಗಣಕ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ನಿಗದಿತ ಬಗೆಯ ದಾಳಿಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಜಾಲದ ದಿನಚರಿ ದಾಖಲೆಗಳನ್ನು 180 ದಿನ ಕಾಪಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರಲಿವೆ. ಗಿರಾಕಿಗಳ ಆಧಾರ್ ಪ್ರತಿ, ದೂರವಾಣಿ ಸಂಖ್ಯೆ ಸಂಗ್ರಹಿಸುವವರು ಅಗತ್ಯವಿದ್ದಷ್ಟನ್ನೇ ಸಂಗ್ರಹಿಸಿ, ಅಗತ್ಯ ತೀರಿದ ಮೇಲೆ ಅಳಿಸುವುದು ಕ್ಷೇಮ. ಇಲ್ಲದ ಮಾಲನ್ನು ಯಾರೂ ಕದಿಯಲಾರರು.

ಒಂದು ಸಲಹೆ

ನಮ್ಮ ಜಿಲ್ಲೆಯ ಕಾಲೇಜುಗಳ ಗಣಕ ವಿಭಾಗಗಳಲ್ಲಿ ಓದುವ ವಿದ್ಯಾರ್ಥಿಗಳು ಕೊನೆಯ ವರ್ಷ ಯೋಜನಾ ಕಾರ್ಯಕ್ಕೆ ವಿಷಯ ಹುಡುಕುತ್ತಿರುತ್ತಾರೆ. ನಮ್ಮ ಸದಸ್ಯರು ಸಲಹೆ ಕೊಡುವವರನ್ನು ಹುಡುಕುತ್ತಿರುತ್ತಾರೆ. ಇಬ್ಬರನ್ನೂ ಕೂಡಿಸಿದರೆ ಉಭಯತರಿಗೂ ಹಿತ. ಅಧ್ಯಾಪಕರ ಮಾರ್ಗದರ್ಶನದಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದು ಮಳಿಗೆಗೆ ಬಂದು ಯಾದಿ ತಯಾರಿಸಿ, ದೋಷಗಳನ್ನು ಬರೆದುಕೊಟ್ಟರೆ ಮೊದಲ ಹೆಜ್ಜೆ ಮುಗಿದಂತೆ. ಲಿಖಿತ ಒಪ್ಪಿಗೆ ಇರಬೇಕು, ಗುಪ್ತಪದಗಳನ್ನು ಅವರ ಕೈಗೆ ಕೊಡಬಾರದು, ಲೆಕ್ಕಪತ್ರಗಳನ್ನು ತೋರಿಸಬೇಕಿಲ್ಲ. ಇಷ್ಟು ಕಟ್ಟುಪಾಡಿನೊಡನೆ ಈ ಕಾರ್ಯವನ್ನು ವಾಣಿಜ್ಯೋದ್ಯಮ ಸಂಸ್ಥೆಯ ಮೂಲಕವೇ ನಡೆಸುವ ಕುರಿತು ಸದಸ್ಯರು ಚಿಂತಿಸಬೇಕೆಂದು ವಿನಂತಿ.

ಹಿರಿಯರು ತಲೆಮಾರುಗಳಿಂದ ಗಳಿಸಿದ ಪತ್ತು ಇಂದು ಒಂದು ಪೆಟ್ಟಿಗೆಯೊಳಗಿನ ಕಡತಗಳಲ್ಲಿ ಸೇರಿಕೊಂಡಿದೆ. ಅದಕ್ಕೆ ಬೀಗ ಹಾಕುವ ಕೆಲಸವನ್ನು ತಂತ್ರಜ್ಞರಿಗೆ ಬಿಟ್ಟುಬಿಡಲಾಗದು. ಅಂಗಡಿ ಮುಚ್ಚುವಾಗ ಬಾಗಿಲನ್ನೊಮ್ಮೆ ಎಳೆದು ನೋಡುವ ಅಭ್ಯಾಸ ಪ್ರತಿಯೊಬ್ಬ ವರ್ತಕರಿಗೂ ಇದೆ. ಆ ಅಭ್ಯಾಸವನ್ನೇ ಗಣಕಯಂತ್ರಕ್ಕೂ ವಿಸ್ತರಿಸಿದರೆ ಅರ್ಧ ಕೆಲಸ ಆದಂತೆಯೇ ಸರಿ.